ಬೀಗರ ಮನೆಯ ಜೋಡಿ ಸೀನು

ಫಕ್ಕೀರೇಶನ ಅನ್ನ ಇದ್ದದ್ದು ಅವನ ಮೂಗಿನಲ್ಲಿ. ಟೀವಿಯ ಹಾಸ್ಯ ಧಾರಾವಾಹಿಯೊಂದರಲ್ಲಿ ಅವನದು ಮದುವೆ ದಲ್ಲಾಳಿಯ ಪಾತ್ರ. ಸುಳ್ಳು ಹೇಳಿದಾಗಲೆಲ್ಲ ಆ ದಲ್ಲಾಳಿಗೆ ಸೀನು ಬರುತ್ತಿತ್ತು, ಜನ ನಗುತ್ತಿದ್ದರು. ರಾಣೇಬೆನ್ನೂರಿನ ಅವನ ಸಂಸಾರ ನಡೆದದ್ದೇ ಆ ಸೀನಿನ ಮೇಲೆ.

ಆದರೆ ಇವತ್ತು ಮಾತ್ರ ಸೀನುವಂತಿರಲಿಲ್ಲ. ಹಾವೇರಿಯ ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಮಧು, ಅಲ್ಲೇ ಪಾಠ ಹೇಳುವ ಬ್ಯಾಡಗಿಯ ಪ್ರವೀಣಕುಮಾರನನ್ನು ಮೆಚ್ಚಿದ್ದಳು. ಹುಡುಗನ ತಂದೆ ಸೋಮಣ್ಣ ಮೆಣಸಿನಕಾಯಿ ವ್ಯಾಪಾರಸ್ಥ. ಆತ ಇನ್ನೂ ಹೂಂ ಅಂದಿರಲಿಲ್ಲ. ಆತ ನಕ್ಕದ್ದನ್ನು ಕಂಡವರೂ ಊರಲ್ಲಿ ಇರಲಿಲ್ಲವಂತೆ.

"ಅಪ್ಪಾ, ಇವತ್ತೊಂದಿನ ಯಾರನ್ನೂ ನಗಸಬ್ಯಾಡ," ಎಂದು ಮಧು ಅವನ ಕಾಲರು ಸರಿಮಾಡಿ ಮಾತುಕತೆಗೆ ಕಳಿಸಿದಳು.

ಜೊತೆಗೆ ಹೊರಟವನು ಹೆಂಡತಿಯ ತಮ್ಮ ಶಿವಾನಂದ. ಅವನ ಬಾಯಿ ತಳವಿಲ್ಲದ ಕೊಡ. ಬಸ್ಸಿನಲ್ಲೇ, "ಟೀವ್ಯಾಗ ಸೀನೂ ದಲ್ಲಾಳಿ, ನಮ್ಮ ಮಾವಾರ ನೋಡ್ರಿ!" ಎಂದು ಡಂಗುರ ಸಾರಿದ. ಬ್ಯಾಡಗಿಯಲ್ಲಿ ಇಳಿಯುವಷ್ಟರಲ್ಲಿ ಬೆನ್ನ ಹಿಂದೆ ಒಂದು ಮೆರವಣಿಗೆಯೇ ಇತ್ತು. ಸೋಮಣ್ಣನ ಮನೆಯ ಕಿಟಕಿಯ ತುಂಬ ಮುಖಗಳು, ಎಲ್ಲಕ್ಕೂ ಮುಂದೆ ಪಕ್ಕದ ಮನೆಯ ಅಸ್ಲಮ್.

ಮನೆಗೆ ತಾಗಿಯೇ ಮೆಣಸಿನಕಾಯಿ ಗೋದಾಮು. ಚೀಲ ಸುರುವಿ ಕಾಯಿ ಆರಿಸುತ್ತಿದ್ದರು. ಆ ಊರಿನವರಿಗೆ ಆ ಘಾಟು ಊದಿನಕಡ್ಡಿಯ ಹೊಗೆಯಿದ್ದಂತೆ. ಫಕ್ಕೀರೇಶನ ಮೂಗು ಮಾತ್ರ ಮಗ್ಗಲು ಬದಲಿಸತೊಡಗಿತು.

"ಹುಡುಗಿ ಏನು ಓದ್ಯಾಳ್ರೀ?" ಸೋಮಣ್ಣ ಕಲ್ಲುಮುಖದಿಂದ ಕೇಳಿದರು.

"ಎಂ.ಎಸ್ಸಿ. ಪಾಸಾಗ್ಯಾಳ್ರಿ... ಆಕ್ಷೀ!"

ಕಿಟಕಿ ಗೊಳ್ಳೆಂದಿತು. ಸೋಮಣ್ಣನ ತಾಯಿ ಸಿದ್ದವ್ವ ಎದೆಗೆ ಕೈಯಿಟ್ಟುಕೊಂಡರು. "ಅಯ್ಯ ತಮ್ಮಾ, ಶುಭ ಮಾತಿನ ನಡುವ ಒಂಟಿ ಸೀನು ಆಗಬಾರ್ದು. ಇನ್ನೊಂದು ಸೀನು, ಜೋಡಿ ಆಗಲಿ!"

ಎರಡನೆಯದು ಬರಲೊಲ್ಲದು. ಅಜ್ಜಿ ಕೈಮುಗಿಯುವುದೊಂದು ಬಾಕಿ. ವಿಧಿಯಿಲ್ಲದೆ ಫಕ್ಕೀರೇಶ ನಟಿಸಿದ. ಅವನಿಗೆ ನಟಿಸಲು ಬರುತ್ತಿದ್ದದ್ದು ಟೀವಿಯ ಸೀನೊಂದೇ: ಹುಬ್ಬು ಮೇಲೇರಿ, ಮೂಗು ಬಲಕ್ಕೆ ತಿರುಗಿ, ಕೊನೆಗೆ ಕೋಣ ಕೆಮ್ಮಿದಂತೆ ಒಂದು ಸದ್ದು. ಕಿಟಕಿಯ ಹೊರಗೆ ಇಬ್ಬರು ನಕ್ಕು ಕೆಳಗೆ ಬಿದ್ದರು.

"ಅಡಗಿ ಮಾಡ್ತಾಳೇನ್ರೀ?"

"ಅವರವ್ವಗಿಂತ ಛಲೋ... ಆಕ್ಷೀ!" ಮತ್ತೆ ಜೋಡಿ.

"ನಿಮಗೇನರ ಚಟ?"

"ಚಾ ಬಿಟ್ರ ಏನಿಲ್ಲ್ರಿ... ಆಕ್ಷೀ!"

"ಕಾಕಾ, ಒಂದರ ಖರೇ ಹೇಳ್ರಿ!" ಎಂದು ಅಸ್ಲಮ್ ಕೂಗಿದ.

ಎಲ್ಲರೂ ನಕ್ಕರು, ಸೋಮಣ್ಣ ಒಬ್ಬರನ್ನು ಬಿಟ್ಟು. ಫಕ್ಕೀರೇಶ ಮೂಗು ಒತ್ತಿ ಹಿಡಿದ. ಮಗಳ ಬಾಳು ತನ್ನ ಮೂಗಿನ ತುದಿಯಿಂದ ಜಾರಿ ಬೀಳುವುದು ಅವನಿಗೆ ಕಣ್ಣಾರೆ ಕಾಣಿಸಿತು. ಸಿದ್ದವ್ವ ಸದ್ದಿಲ್ಲದೆ ಎದ್ದು ಗೋದಾಮಿನ ಬಾಗಿಲು ಎಳೆದು ಬಂದರು. ಒಂದು ತಂಬಿಗೆ ನೀರನ್ನೂ ಅವನ ಹತ್ತಿರ ಸರಿಸಿದರು.

"ನಂದೊಂದು ಶರತ್ತು ಐತ್ರಿ," ಎಂದರು ಸೋಮಣ್ಣ.

ಶಿವಾನಂದ ಕುರ್ಚಿ ಮುಂದೆಳೆದುಕೊಂಡ.

ಸೋಮಣ್ಣ ನೆಲ ನೋಡುತ್ತ ದನಿ ತಗ್ಗಿಸಿದರು. "ನಿಮ್ಮ ಧಾರಾವಾಹಿಯೊಳಗ ನನಗೊಂದು ಪಾರ್ಟು ಕೊಡಸ್ರಿ. ಸಣ್ಣದಾದ್ರೂ ನಡೀತೈತಿ. ಹುಡುಗನಿದ್ದಾಗಿಂದ ಆಸೆ. ನಮ್ಮಪ್ಪ ನಾಟಕದ ಹೊಸ್ತಿಲಾ ತುಳಿಗೊಡಲಿಲ್ಲ."

ಫಕ್ಕೀರೇಶನಿಗೆ ಹೋದ ಜೀವ ಬಂತು. "ಇಷ್ಟ ಏನ್ರಿ ಬೀಗರ!" ಎನ್ನುತ್ತ ಅಲ್ಲಿಂದಲೇ ಬೆಂಗಳೂರಿನ ನಿರ್ದೇಶಕನಿಗೆ ವಿಡಿಯೋ ಕಾಲ್ ಹಚ್ಚಿ, ವಿಷಯ ಹೇಳಿ, ಫೋನನ್ನು ಸೋಮಣ್ಣನ ಮುಖಕ್ಕೆ ಹಿಡಿದ.

"ಒಂದು ಸುಳ್ಳು ಹೇಳಿ ಸಾರ್, ನೋಡೋಣ," ಎಂದ ನಿರ್ದೇಶಕ.

ಸೋಮಣ್ಣ ಅದೇ ಕಲ್ಲುಮುಖದಲ್ಲಿ ಹೇಳಿದರು: "ನಮ್ಮ ಮನ್ಯಾಗ ನಂದ ಮಾತು ನಡೀತೈತ್ರಿ. ನಮ್ಮವ್ವಂತೂ ನನ್ನ ಕಂಡ್ರ ಗಡಗಡ ನಡಗತಾಳ್ರಿ. ಅವ್ವಾ, ಹೌದಿಲ್ಲೋ? ಹೌದು ಅನ್ನು, ಕೈ ಮುಗೀತೇನಿ."

ನಿರ್ದೇಶಕ ನಕ್ಕ ರಭಸಕ್ಕೆ ಪರದೆಯಲ್ಲಿ ಅವನ ಮುಖ ಹೋಗಿ ಫ್ಯಾನು ಕಾಣಿಸಿತು. "ಫಕ್ಕೀರೇಶಣ್ಣ! ಇಂಥವರನ್ನ ಎಲ್ಲಿ ಬಚ್ಚಿಟ್ಟಿದ್ರಿ? ಸೀನು ಹಳೇದಾಯ್ತು ಅಂತ ಚಾನೆಲ್‌ನವರು ನನ್ನ ತಲೆ ತಿಂತಿದ್ರು. ಇನ್ಮೇಲೆ ದಲ್ಲಾಳಿ ಇವರೇ. ನಿಮ್ಮನ್ನ ಕಥೇಲಿ ಕಾಶಿಗೆ ಕಳಿಸ್ತೀನಿ."

"ವಾಪಸ್ ಬರೂದು ಯಾವಾಗ್ರೀ ಸರ?"

"ಕಾಶಿಗೆ ಹೋದವರು ಪುಣ್ಯವಂತರು ಅಣ್ಣ," ಎಂದು ನಿರ್ದೇಶಕ ಫೋನಿಟ್ಟ.

ಫಕ್ಕೀರೇಶ ತಲೆಯೆತ್ತಿ ನೋಡಿದ. ಸೋಮಣ್ಣ ನಗುತ್ತಿದ್ದರು. ಕಿಟಕಿಯವರು ಬಾಯಿ ತೆರೆದು ನಿಂತಿದ್ದರು. ಈಗ ಒಲ್ಲೆನೆಂದರೆ ಆ ನಗುವಿನ ಜೊತೆ ಮಗಳ ಮದುವೆಯೂ ಹೋಗುತ್ತದೆ.

"ಭಾಳ ಛಲೋ ಆತ್ರಿ ಬೀಗರ," ಎಂದ.

ಸಿದ್ದವ್ವ ಎಲ್ಲರ ಬಾಯಿಗೂ ಸಕ್ಕರೆ ಹಾಕಿದರು. ಫಕ್ಕೀರೇಶನ ಒದ್ದೆ ಕಣ್ಣು ನೋಡಿ, "ಘಾಟು ಹತ್ತೇತಿ ಪಾಪ," ಎಂದು ಸೆರಗಿನಿಂದ ಒರೆಸಿ, ಇನ್ನೊಂದು ಚಿಟಿಕೆ ಸಕ್ಕರೆ ಹೆಚ್ಚಿಗೆ ಹಾಕಿದರು.

ಅಷ್ಟರಲ್ಲಿ ಮೆರವಣಿಗೆ ಒಳಗೇ ನುಗ್ಗಿತು. ಫಕ್ಕೀರೇಶ ರೂಢಿಯಂತೆ ತಲೆ ಬಾಚಿ, ಅಂಗಿ ಜಗ್ಗಿಕೊಂಡು, ನಗುಮುಖ ಮಾಡಿ ಎದ್ದು ನಿಂತ. ಅಸ್ಲಮ್ ಓಡಿಬಂದು ಮೊಬೈಲನ್ನು ಅವನ ಕೈಗೆ ತುರುಕಿದ.

"ಕಾಕಾ, ಸ್ವಲ್ಪ ಹಿಂದ ಸರೀರಿ. ಸೋಮಣ್ಣಾರ ಕೂಡ ನಮ್ಮದೊಂದು ಫೋಟೋ ತಗೀರಿ. ಎಲ್ಲಾರೂ ಬರ್ಬೇಕ ನೋಡ್ರಿ ಮತ್ತ!"