ಅಳಿಯಂದಿರ ಆಕ್ಷೇಪಣೆ

ಅಳಿಯಂದಿರು ಅಂದು ಬೆಳಿಗ್ಗೆ ಹಿತ್ತಿಲಾಚೆಯ ಬಳ್ಳಿಯಿಂದ ಒಂದೇ ಒಂದು ಎಲೆ ಕಿತ್ತರು. ಸಿಟ್ಟಿಗೆ ಕಿತ್ತದ್ದು, ಬೇರೆ ಉದ್ದೇಶವೇನೂ ಇರಲಿಲ್ಲ. ಕೀಳದೆ ಇದ್ದಿದ್ದರೆ ಅವರ ದಿನ ಎಂದಿನಂತೆ ತಣ್ಣಗೆ ಕಳೆದುಹೋಗುತ್ತಿತ್ತು. ಆದರೆ ಎಲೆಯ ಹಿಂದೆ ತಗಡಿನ ಫಲಕವೊಂದು ಕಂಡಿತು, ಫಲಕದ ಮೇಲೆ ಅಂಟಿಸಿದ ಕಾಗದ ಕಂಡಿತು. ಇನ್ನೊಂದು ಹಿಡಿ ಎಲೆ ಕಿತ್ತಾಗ ಅಕ್ಷರಗಳೂ ಕಂಡವು.

“ಸಾರ್ವಜನಿಕ ಪ್ರಕಟಣೆ. ಅರಣ್ಯ ಭೂಮಿಯಲ್ಲಿ ಹಬ್ಬಿರುವ ಹೊರದೇಶದ ಬಳ್ಳಿಯನ್ನು ತೆರವುಗೊಳಿಸಲು ಉದ್ದೇಶಿಸಲಾಗಿದೆ. ಆಕ್ಷೇಪಣೆ ಇದ್ದವರು ಈ ತಿಂಗಳ ಹದಿನೆಂಟರ ಸಂಜೆ ಐದು ಗಂಟೆಯೊಳಗೆ ಅರಣ್ಯ ಇಲಾಖೆಯ ಕಚೇರಿಗೆ ಸಲ್ಲಿಸತಕ್ಕದ್ದು.”

ಅಂದು ಹದಿನೆಂಟು.

ಅಳಿಯಂದಿರು ಎಂದರೆ ಯಾರ ಅಳಿಯಂದಿರು ಎಂದು ಆ ಬೀದಿಯಲ್ಲಿ ಯಾರೂ ಕೇಳುವುದಿಲ್ಲ. ಮದುವೆಯಾದ ಮರುವಾರ ಪೆಟ್ಟಿಗೆ ಹಿಡಿದು ಮಾವನ ಮನೆಗೆ ಬಂದವರು ಹನ್ನೊಂದು ವರ್ಷದಿಂದ ಅಲ್ಲೇ ಇದ್ದಾರೆ. ಮನೆಯ ಹಿಂಬದಿಯ ಕೋಣೆಯಲ್ಲಿ ಕೂತು ಕೈಗಡಿಯಾರ ರಿಪೇರಿ ಮಾಡುತ್ತಾರೆ. ಅವರಿಗೊಂದು ಹೆಸರಿದೆ ಎಂಬುದು ಹೆಂಡತಿಗೂ ಪಡಿತರ ಚೀಟಿ ನೋಡಿದಾಗಲೇ ನೆನಪಾಗುವುದು.

ಬಳ್ಳಿ ಯಾವಾಗ ಬಂತು, ಎಲ್ಲಿಂದ ಬಂತು ಎಂದು ಯಾರಿಗೂ ಗೊತ್ತಿಲ್ಲ. ಮೊದಲು ಕಾಡಿನಂಚಿನಲ್ಲಿ ಬಿಳಿ ಹೂ ಬಿಟ್ಟುಕೊಂಡು ಸಾಧುವಾಗಿತ್ತು. ಆಮೇಲೆ ಮರ ಹತ್ತಿತು, ಓಣಿ ದಾಟಿತು, ಸಾಲುಮನೆಗಳ ಹಿಂಗೋಡೆಯನ್ನೆಲ್ಲ ನುಂಗಿತು. ಮಾವ ಅದಕ್ಕೆ “ಮನೆಯಳಿಯ ಬಳ್ಳಿ” ಎಂದು ನಾಮಕರಣ ಮಾಡಿದ್ದರು. “ಬಂತು, ಕೂತ್ಕೊಂಡ್ತು, ಏಳೋ ಮಾತೇ ಇಲ್ಲ” ಎಂದು ಹೇಳಿ ನಗುವಾಗ ಅವರ ಕಣ್ಣು ಬಳ್ಳಿಯ ಮೇಲಿರುತ್ತಿರಲಿಲ್ಲ. ಬೀದಿಯೆಲ್ಲ ನಗುತ್ತಿತ್ತು. ಅಳಿಯಂದಿರೂ ನಗುತ್ತಿದ್ದರು, ಮತ್ತೇನು ಮಾಡಲು ಸಾಧ್ಯ?

ನಗಲಾಗದ ಸಂಗತಿ ಒಂದಿತ್ತು. ಕೈಗಡಿಯಾರದ ತಿರುಪು ಸಾಸಿವೆಗಿಂತ ಸಣ್ಣದು. ಅದನ್ನು ನೋಡಲು ಹಗಲ ಬೆಳಕು ಬೇಕು, ಹಿಂಬದಿಯ ಕೋಣೆಗಿದ್ದದ್ದು ಒಂದೇ ಕಿಟಕಿ. ಮೂರು ವರ್ಷದಿಂದ ಆ ಕಿಟಕಿಯನ್ನು ಬಳ್ಳಿ ಮುಚ್ಚಿ ಕೂತಿತ್ತು. ಎರಡು ಸಲ ಕಡಿಯಲು ಹೋದಾಗ ಕಾವಲುಗಾರ ಬಂದು, ಸರ್ಕಾರಿ ಕಾಡಿನ ಸೊತ್ತಿಗೆ ಕೈ ಹಚ್ಚಿದರೆ ಜೈಲು ಎಂದು ಕತ್ತಿ ಕಿತ್ತುಕೊಂಡಿದ್ದ. ಹಗಲಲ್ಲೇ ದೀಪ ಹಚ್ಚಿ ಕೆಲಸ ಮಾಡಿ ಕಣ್ಣು ಮಂಜಾಯಿತು. ಹೋದ ತಿಂಗಳು ಒಬ್ಬರ ಗಡಿಯಾರಕ್ಕೆ ದೊಡ್ಡ ಮುಳ್ಳಿನ ಜಾಗದಲ್ಲಿ ಚಿಕ್ಕ ಮುಳ್ಳು ಕೂರಿಸಿಬಿಟ್ಟಿದ್ದರು. ಆ ಪುಣ್ಯಾತ್ಮ ಮಗಳ ನಿಶ್ಚಿತಾರ್ಥಕ್ಕೆ ಹೋದಾಗ ಅಲ್ಲಿ ಊಟವೂ ಮುಗಿದು ಪಾತ್ರೆ ತೊಳೆಯುತ್ತಿದ್ದರು.

“ಈ ಟಿಕ್ ಟಿಕ್ ಕೆಲಸ ಸಾಕು ಅಳಿಯಂದ್ರೇ” ಎಂದು ಮಾವ ಹಟ ಹಿಡಿದಿದ್ದರು. “ನನ್ನ ಗೆಳೆಯನ ಗೋಡೌನಲ್ಲಿ ಚೀಲ ಎಣಿಸೋಕೆ ಜನ ಬೇಕಂತೆ. ಈ ತಿಂಗಳ ಕೊನೆವರೆಗೂ ನೋಡ್ತೀನಿ.”

ಆ ಮನೆಯಲ್ಲಿ ಕುರ್ಚಿ ಮಾವನದು, ಮಂಚ ಮಾವನದು, ಚಪ್ಪಲಿ ಬಿಡುವ ಜಾಗವೂ ಮಾವನದು. ಗಡಿಯಾರದ ಕಸುಬು ಮಾತ್ರ ಅಳಿಯಂದಿರದು. ಅದೂ ಹೋದರೆ ಹೆಸರಿನ ಹಿಂದೆಯೇ ಉಳಿದದ್ದೂ ಹೋದಂತೆ. ಆದ್ದರಿಂದ ಪ್ರಕಟಣೆ ಓದಿದ ಅಳಿಯಂದಿರು ತಿಂಡಿಗೂ ಕೂರದೆ ಕಚೇರಿಗೆ ಓಡಿದರು.

ಕಚೇರಿಯಲ್ಲಿ ಗುಮಾಸ್ತರೊಬ್ಬರೇ ಇದ್ದರು. ತಲೆ ಎತ್ತದೆ ಕೇಳಿದರು, “ಆಕ್ಷೇಪಣೆನಾ?”

“ಅಲ್ಲ ಸಾರ್. ದಯವಿಟ್ಟು ಬೇಗ ಕಡೀರಿ ಅಂತ ಹೇಳೋಕೆ ಬಂದೆ.”

“ಅದಕ್ಕೆ ಫಾರಂ ಇಲ್ಲ.”

“ಬಾಯಲ್ಲೇ ಹೇಳ್ತೀನಿ ಬಿಡಿ.”

“ನಿಮ್ಮ ಬಾಯನ್ನ ನಾನು ಯಾವ ಫೈಲಲ್ಲಿ ಇಡ್ಲಿ?” ಗುಮಾಸ್ತರು ಈಗ ತಲೆ ಎತ್ತಿದರು. “ಕೂತ್ಕೊಳಿ. ಇದು ಎಷ್ಟನೇ ಪ್ರಕಟಣೆ ಗೊತ್ತಾ? ನಾಲ್ಕನೇದು. ಮೂರು ಸಲವೂ ಒಂದೂ ಆಕ್ಷೇಪಣೆ ಬರಲಿಲ್ಲ.”

“ಹಾಗಾದ್ರೆ ಕಡಿಬಹುದಿತ್ತಲ್ಲ?”

“ಹೇಗ್ರೀ ಕಡಿಯೋದು? ಯಾರೂ ಆಕ್ಷೇಪಿಸಲಿಲ್ಲ ಅಂದ್ರೆ ಪ್ರಕಟಣೆ ಜನಕ್ಕೆ ಮುಟ್ಟಿಲ್ಲ ಅಂತ ಅರ್ಥ. ನಿಯಮ ಹಾಗಿದೆ. ಮತ್ತೆ ಹೊಸ ಪ್ರಕಟಣೆ, ಮತ್ತೆ ಆರು ತಿಂಗಳು. ಅದೇ ಒಬ್ಬ, ಒಬ್ಬನೇ ಒಬ್ಬ, ಕಡೀಬೇಡಿ ಅಂತ ಬರೆದುಕೊಡಲಿ. ಸಾಹೇಬ್ರು ಅವತ್ತೇ ವಿಚಾರಣೆ ಮಾಡ್ತಾರೆ, ಅರ್ಜಿ ತಳ್ಳಿಹಾಕ್ತಾರೆ, ಮಾರನೇ ದಿನ ಆಳುಗಳು ಬರ್ತಾರೆ. ಅವರ ಸರ್ವೀಸಲ್ಲಿ ಇದುವರೆಗೆ ಒಂದು ಆಕ್ಷೇಪಣೆನೂ ಒಪ್ಪಿಲ್ಲ.”

“ಅಂದ್ರೆ... ಕಡೀಬೇಕು ಅಂದ್ರೆ ಕಡೀಬೇಡಿ ಅಂತ ಬರೀಬೇಕು?”

“ಈಗ ಅರ್ಥ ಆಯ್ತು ನೋಡಿ.”

ಅರ್ಥವಾಗಿರಲಿಲ್ಲ. ಆದರೂ ಫಾರಂ ಇಸಿದುಕೊಂಡರು. ಗುಮಾಸ್ತರು ದನಿ ತಗ್ಗಿಸಿ ಮೂರು ಎಚ್ಚರಿಕೆ ಕೊಟ್ಟರು. ಅಕ್ಕಪಕ್ಕದವರೊಬ್ಬರ ಸಾಕ್ಷಿ ಸಹಿ ಬೇಕು. ಕಾರಣವನ್ನು ಮನಸ್ಸಿಟ್ಟು ಬರೆಯಬೇಕು, ಕಾಟಾಚಾರಕ್ಕೆ ಬರೆದರೆ ಅರ್ಜಿಯ ಲೆಕ್ಕಕ್ಕೇ ಬರುವುದಿಲ್ಲ. ಮತ್ತು ಇದು ನಾಟಕ ಎಂದು ಹೆಂಡತಿಗೂ ಹೇಳಬಾರದು. “ಹೊರಗೆ ಬಿತ್ತೋ, ನಿಮ್ಮ ಅರ್ಜಿನೂ ಹೋಗುತ್ತೆ, ನನ್ನ ಕೆಲಸನೂ ಹೋಗುತ್ತೆ. ನಾಲ್ಕು ಗಂಟೆಗೆ ಬನ್ನಿ.”

ಬೀದಿಗೆ ಬಂದು ಮೊದಲು ಪಕ್ಕದ ಮನೆಯ ಟೈಲರಕ್ಕನ ಬಾಗಿಲು ತಟ್ಟಿದರು. ಅವಳ ಬಾವಿಯ ರಾಟೆಯನ್ನು ಬಳ್ಳಿ ಸುತ್ತಿಕೊಂಡು ವರ್ಷವಾಗಿತ್ತು. ಫಾರಂ ಓದಿದವಳ ಬಾಯಿಂದ ಗುಂಡಿ ಕೆಳಗೆ ಬಿತ್ತು.

“ಬಳ್ಳಿ ಕಡೀಬಾರ್ದಾ? ಅಳಿಯಂದ್ರೇ, ಬೆಳಿಗ್ಗೆ ಬೆಳಿಗ್ಗೆ ಏನಾಯ್ತು ನಿಮಗೆ? ನಾನು ನೀರಿಗೆ ಬೀದಿ ಕೊನೆವರೆಗೆ ಅಲೀತಿದೀನಿ, ನಿಮಗೆ ಹೂವಿನ ಚೆಂದ ಬೇಕಾಯ್ತಾ?”

“ಹಾಗಲ್ಲಕ್ಕ... ಅಂದ್ರೆ ಹಾಗೇ... ಸಂಜೆ ಹೇಳ್ತೀನಿ.”

ಅಕ್ಕನ ದನಿಗೆ ಹೊಲಿಗೆ ಯಂತ್ರದ ಸದ್ದನ್ನು ಮೀರಿ ಅಭ್ಯಾಸ. ಎರಡು ನಿಮಿಷದಲ್ಲಿ ಇಡೀ ಬೀದಿ ಸೇರಿತು. ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದಳು.

“ರೀ, ಮೂರು ವರ್ಷದಿಂದ ಬೆಳಕಿಲ್ಲ ಬೆಳಕಿಲ್ಲ ಅಂತ ನನ್ನ ತಲೆ ತಿಂದಿದ್ದು ಯಾರು?”

“ನಾನೇ.”

“ಮತ್ತೆ ಇದು?”

“ಇದೂ ನಾನೇ.”

ಅವಳು ತಂದೆಯ ಮುಖ ನೋಡಿದಳು. ಮಾವ ಫಾರಂ ತೆಗೆದುಕೊಂಡು ದೂರ ಹಿಡಿದು ಓದಿ, ಹೊಟ್ಟೆ ಕುಲುಕಿಸಿ ನಕ್ಕರು. “ಬೈಬೇಡಮ್ಮ. ಸಂಬಂಧಿಕರಿಗೆ ಕಷ್ಟ ಬಂದಾಗ ಸಂಬಂಧಿಕರು ತಾನೇ ಓಡಬೇಕು?” ಎಂದರು. ಬೀದಿಯೂ ನಕ್ಕಿತು. ಈ ಸಲ ಅಳಿಯಂದಿರಿಗೆ ನಗು ಬರಲಿಲ್ಲ.

ಸಹಿ ಸಿಕ್ಕದ್ದು ನಿವೃತ್ತ ಮೇಷ್ಟ್ರ ಹತ್ತಿರ. ಅವರು ಹೊಸ ರಸ್ತೆ, ಹಳೆ ರಸ್ತೆ, ರಸ್ತೆಯಿಲ್ಲದಿರುವುದು ಎಲ್ಲದಕ್ಕೂ ಆಕ್ಷೇಪಿಸಿದವರು. “ವಿಷಯ ಯಾವುದಾದರೂ ಆಗಲಿ, ಆಕ್ಷೇಪಿಸೋರು ಬೇಕು” ಎಂದು ಕೆಂಪು ಪೆನ್ನಿನಲ್ಲಿ ಸಹಿ ಹಾಕಿ, “ಕಾರಣದ ಜಾಗ ಖಾಲಿ ಇದೆ, ಐದು ಅಂಕ ಕಳೆದಿದ್ದೀನಿ” ಎಂದರು. ಅಂಚಿನಲ್ಲಿ ನಿಜಕ್ಕೂ ಕಳೆದಿದ್ದರು.

ಮೂರು ಗಂಟೆಗೆ ಅಳಿಯಂದಿರು ಕಚೇರಿಯ ಬೆಂಚಿನ ಮೇಲೆ ಫಾರಂ ಹಿಡಿದು ಕೂತರು. ಬಳ್ಳಿಯನ್ನು ಯಾಕೆ ಕಡಿಯಬಾರದು? ಒಂದು ಕಾರಣವೂ ಹೊಳೆಯಲಿಲ್ಲ. ಕಡಿಯಲು ನೂರು ಕಾರಣ ಬಾಯಲ್ಲೇ ಇದ್ದವು. ಮನಸ್ಸಿಟ್ಟು ಬರೆಯಬೇಕೆಂದರೆ ಮನಸ್ಸಿನಲ್ಲಿ ಇದ್ದದ್ದು ಮಾವನ ನಗು ಒಂದೇ. ಕೊನೆಗೆ ಆ ನಗುವನ್ನೇ ನೆನೆಸಿಕೊಂಡು ಪೆನ್ನು ಊರಿದರು. ಊರಿದ್ದು ಪುಟ ಮುಗಿದು ಹಿಂಬದಿಗೆ ಹೋಗುವವರೆಗೂ ನಿಲ್ಲಲಿಲ್ಲ. ಬರೆದು ಮುಗಿಸಿದಾಗ ಕನ್ನಡಕ ಒರೆಸಿಕೊಳ್ಳಬೇಕಾಯಿತು. ಯಾಕೆಂದು ಅವರಿಗೂ ತಿಳಿಯಲಿಲ್ಲ.

ಸಾಹೇಬರು ದಪ್ಪ ಮೀಸೆಯ, ಬೇಸರದ ಮುಖದ ಮನುಷ್ಯ. ಬಾಗಿಲ ಹೊರಗೆ ಗುಮಾಸ್ತರು ಪಿಸುಗುಟ್ಟಿದರು, “ಏನು ಕೇಳಿದ್ರೂ ಗಟ್ಟಿಯಾಗಿ ನಿಲ್ಲಿ. ಸಡಿಲ ಆದ್ರೆ ಅರ್ಜಿ ವಾಪಸ್ ಅಂತ ಬರ್ಕೋತಾರೆ, ಮತ್ತೆ ಆರು ತಿಂಗಳು.”

ಸಾಹೇಬರು ಅರ್ಜಿಯನ್ನು ಗಟ್ಟಿಯಾಗಿ ಓದತೊಡಗಿದರು. “ಈ ಬಳ್ಳಿ ತಾನಾಗಿ ಬಂದದ್ದಲ್ಲ, ಯಾರೋ ತಂದದ್ದು. ತಂದವರು ಮರೆತರು, ಬಂದದ್ದು ಉಳಿಯಿತು. ಹಬ್ಬಿದರೆ ಆಕ್ರಮಣ ಅನ್ನುತ್ತಾರೆ, ಹಬ್ಬದಿದ್ದರೆ ಕೆಲಸಕ್ಕೆ ಬಾರದ್ದು ಅನ್ನುತ್ತಾರೆ. ಇದು ಹೂ ಬಿಟ್ಟಾಗ ಯಾರೂ ನೋಡಲಿಲ್ಲ. ಇದರ ಸ್ವಂತ ಹೆಸರೂ ಯಾರಿಗೂ ಗೊತ್ತಿಲ್ಲ. ಅದು ಗೋಡೆ ಹತ್ತಿದ್ದು ಯಾರ ಆಸ್ತಿಯ ಆಸೆಗೂ ಅಲ್ಲ, ಒಂದಿಷ್ಟು ಬೆಳಕಿಗೆ...”

ಇಲ್ಲಿಗೆ ಬಂದಾಗ ಸಾಹೇಬರ ದನಿ ನಿಂತಿತು. ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಂಡರು. ಗುಮಾಸ್ತರು ತಿರಸ್ಕಾರದ ಮೊಹರಿಗೆ ಶಾಯಿ ಹಚ್ಚಿ ಹಿಡಿದು ನಿಂತಿದ್ದರು.

“ಇದನ್ನ ನೀವೇ ಬರೆದ್ರಾ?”

“ಹೌದು ಸಾರ್.”

“ನಿಜವಾಗಿಯೂ ಹಾಗೇ ಅನ್ಸುತ್ತಾ ನಿಮಗೆ?”

ಗಟ್ಟಿಯಾಗಿ ನಿಲ್ಲಬೇಕು. “ಒಂದೊಂದು ಅಕ್ಷರವೂ ನಿಜ ಸಾರ್” ಎಂದರು ಅಳಿಯಂದಿರು. ಹೇಳಿದ ಮೇಲೆ ಅದು ನಿಜ ಎನಿಸಿ ಗಾಬರಿಯಾಯಿತು.

ಸಾಹೇಬರು ಕಿಟಕಿಯ ಕಡೆ ತಿರುಗಿ ಕೂತರು. “ಹತ್ತೊಂಬತ್ತು ವರ್ಷ ಆಯ್ತು” ಎಂದರು ಮೆಲ್ಲಗೆ. “ನಾನು ಇವತ್ತಿಗೂ ಹೆಂಡತಿ ಮನೆಯಲ್ಲೇ ಇದ್ದೀನಿ. ಆಫೀಸಲ್ಲಿ ಎಲ್ಲರೂ ಸಾಹೇಬ್ರು ಅಂತಾರೆ. ಮನೆಯಲ್ಲಿ ಮಾವ ಇವತ್ತಿಗೂ ‘ಆ ಹುಡುಗ’ ಅಂತಾರೆ.” ಮೂಗು ಒರೆಸಿಕೊಂಡು ಈ ಕಡೆ ತಿರುಗಿದರು. “ಆಕ್ಷೇಪಣೆ ಒಪ್ಪಿದೆ.”

ಗುಮಾಸ್ತರ ಕೈಯಿಂದ ಮೊಹರು ಜಾರಿ ಅವರದೇ ಅಂಗಿಯ ಮೇಲೆ “ತಿರಸ್ಕೃತ” ಎಂದು ಮೂಡಿತು.

“ಸಾರ್, ಬೇಡ ಸಾರ್!” ಎಂದರು ಅಳಿಯಂದಿರು.

“ಸಂಕೋಚ ಬೇಡ ಕೂತ್ಕೊಳಿ. ಬೀದಿಯವರ ಕಷ್ಟನೂ ನೋಡಬೇಕಲ್ಲ. ಉಳಿದ ಕಡೆಯೆಲ್ಲ ನಾಳೆ ಬೆಳಿಗ್ಗೆ ಕಡೀತಾರೆ. ನಿಮ್ಮ ಮನೆ ಹಿಂದಿನ ನೂರು ಅಡಿ ಮಾತ್ರ ಯಾರೂ ಮುಟ್ಟೋ ಹಾಗಿಲ್ಲ. ದಿನಾ ನೀರು ಹಾಕಿ ನೋಡಿಕೊಳ್ಳೋ ಜವಾಬ್ದಾರಿ ನಿಮ್ಮದು. ಆದೇಶದಲ್ಲೇ ಬರೆಸ್ತೀನಿ.” ಸಾಹೇಬರು ಕೈಯಿಂದ ಗಡಿಯಾರ ಬಿಚ್ಚಿದರು. “ಮಾವ ಮದುವೇಲಿ ಕೊಟ್ಟಿದ್ದು. ನಿಂತು ವಾರ ಆಯ್ತು, ಮನೆಯಲ್ಲಿ ಹೇಳಿಲ್ಲ. ಇದನ್ನ ಸರಿ ಮಾಡಿಡಿ. ಬೆಳಿಗ್ಗೆ ನಾನೇ ಬರ್ತೀನಿ, ಬಳ್ಳಿನೂ ನೋಡಿದ ಹಾಗಾಗುತ್ತೆ.”

ಹೊರಗೆ ಗುಮಾಸ್ತರು ಸಿಡಿದರು. “ಅಷ್ಟು ಚೆನ್ನಾಗಿ ಬರೀರಿ ಅಂತ ಯಾರ್ರೀ ಹೇಳಿದ್ದು?”

“ನೀವೇ ಹೇಳಿದ್ರಲ್ಲ, ಮನಸ್ಸಿಟ್ಟು ಬರೀರಿ ಅಂತ! ಈ ಆದೇಶಕ್ಕೆ ನಾನು ಆಕ್ಷೇಪಣೆ ಹಾಕಬಹುದಾ?”

“ಯಾರು ಬೇಕಾದ್ರೂ ಹಾಕಬಹುದು. ಗೆದ್ದ ಅರ್ಜಿದಾರ, ಅವನ ಮನೆಯವರು, ಅವನ ಸಾಕ್ಷಿ, ಇಷ್ಟು ಜನರನ್ನ ಬಿಟ್ಟು.”

ಸುದ್ದಿ ಅಳಿಯಂದಿರಿಗಿಂತ ಮೊದಲೇ ಬೀದಿ ಮುಟ್ಟಿತ್ತು. ಟೈಲರಕ್ಕ ಕೈಹಿಡಿದುಕೊಂಡಳು. “ನಾಳೆ ನಮ್ಮ ಬಾವಿ ಬಿಡುಗಡೆ ಆಗುತ್ತಂತೆ! ಸುಮ್ನೆ ಬೈದುಬಿಟ್ಟೆ ಅಳಿಯಂದ್ರೇ.” ಹಾಗಾದರೆ ನನ್ನ ಕಿಟಕಿಗಾಗಿ ಒಂದು ಅರ್ಜಿ ಹಾಕುತ್ತೀಯಾ ಎಂದು ಕೇಳಿದಾಗ ಅವಳು, “ಅಯ್ಯೋ, ನೀವಾಗಿ ಕಾಪಾಡಿಕೊಂಡಿದ್ದಕ್ಕೆ ನಾನು ಅಡ್ಡ ಬರ್ತೀನಾ?” ಎಂದು ಒಳಗೆ ಹೋದಳು. ಮೇಷ್ಟ್ರಿಗೆ ಹಾಕುವ ಆಸೆಯೇನೋ ಬಹಳವಿತ್ತು. ಸಾಕ್ಷಿ ಸಹಿ ಹಾಕಿಬಿಟ್ಟಿದ್ದರು.

ಮನೆಯಲ್ಲಿ ಮಾವ ಅರ್ಜಿಯ ಪ್ರತಿಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ನಗಲಿಲ್ಲ. ಎರಡನೇ ಸಲ ಓದಿದರು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ತಮ್ಮ ಕುರ್ಚಿಯಿಂದ ಎದ್ದು, “ಕೂತ್ಕೊಳಿ” ಎಂದರು. ಅಳಿಯಂದಿರು ಕುರ್ಚಿಯ ತುದಿಯಲ್ಲಿ ಕೂತರು.

“ಅಳಿಯಂದ್ರೇ, ಇಷ್ಟು ಒಳ್ಳೆ ಬರವಣಿಗೆ ಇದೆ ಅಂತ ಗೊತ್ತಿರಲಿಲ್ಲ. ಚೀಲ ಎಣಿಸೋದು ಬೇಡ.”

“ಹೌದಾ ಮಾವ?”

“ಚೀಲದ ಲೆಕ್ಕ ಬರೆಯೋರೂ ಬೇಕಂತೆ. ಗೆಳೆಯನಿಗೆ ಹೇಳಿಯಾಯ್ತು. ಒಂದನೇ ತಾರೀಕಿಂದ ಬೆಳಿಗ್ಗೆ ಒಂಬತ್ತಕ್ಕೆ. ಬಳ್ಳಿಗೆ ನೀರು ಹಾಕಿ ಹೊರಡಬಹುದು.”

ಅಳಿಯಂದಿರು ಹಿಂಬದಿಯ ಕೋಣೆಗೆ ಹೋಗಿ ಮೇಜಿನ ದೀಪ ಹಚ್ಚಿ ಸಾಹೇಬರ ಗಡಿಯಾರದ ಬೆನ್ನು ಬಿಚ್ಚಿದರು. ತಿರುಪು ಕಾಣಲಿಲ್ಲ. ದೀಪ ಹತ್ತಿರ ಎಳೆಯಲು ಹೋದರೆ ಅದು ಬರಲಿಲ್ಲ. ನೋಡಿದರೆ, ಕಿಟಕಿಯ ಸಂದಿಯಿಂದ ಒಳಗೆ ಬಂದಿದ್ದ ಎಳೆ ಕುಡಿಯೊಂದು ದೀಪದ ಕಾಲಿಗೆ ಎರಡು ಸುತ್ತು ಸುತ್ತಿಕೊಂಡಿತ್ತು. ಕಿತ್ತುಹಾಕಲು ಕೈಯೆತ್ತಿದವರು ಆದೇಶ ನೆನಪಾಗಿ ಇಳಿಸಿದರು. ದೀಪವನ್ನು ಅದಕ್ಕೇ ಬಿಟ್ಟುಕೊಟ್ಟು, ತಮ್ಮ ಸ್ಟೂಲನ್ನು ಸ್ವಲ್ಪ ಆಚೆ ಸರಿಸಿ ಕೂತರು.