ಮೂರನೆಯವರಿಗೆ ಗೊತ್ತಿರಬಾರದ ನಂಬರು

ಉರಿಯುವ ವಸ್ತು ಕಂಡರೆ ಆರಿಸದೆ ಇರುವುದು ವೆಂಕಟರಮಣಪ್ಪನವರಿಗೆ ಆಗುತ್ತಿರಲಿಲ್ಲ. ಕಾಮಾಕ್ಷಿಪಾಳ್ಯದ ತಮ್ಮ ಗಾರ್ಮೆಂಟ್ಸಿನಲ್ಲಿ ಕಕ್ಕಸಿನ ಬಲ್ಬು ಆರಿಸಲು ಅವರೇ ಎದ್ದು ಹೋಗುತ್ತಿದ್ದರು. ಹೊಸ ಕಂಪ್ಯೂಟರು ಬಂದ ದಿನ ಜೋಡಿಸಲು ಬಂದವನಿಗೆ, ಬೇಡದ್ದನ್ನೆಲ್ಲ ಒಳಗಿಂದಲೇ ಆಫ್ ಮಾಡಿಬಿಡು ಎಂದಿದ್ದರು. ಅವನು ಮಾಡಿದ್ದ.

ಅದರ ಫಲ ಕಲ್ಮೇಶನ ತಲೆಯ ಮೇಲೆ ಬಿತ್ತು. ಗದಗದ ಕಡೆಯ ಕಲ್ಮೇಶ ಅಲ್ಲಿ ಲೆಕ್ಕ ಬರೆಯುವವನು. ಕಂಪ್ಯೂಟರ್ ಗೊತ್ತು ಎಂದು ಹೇಳಿ ಕೆಲಸ ಗಿಟ್ಟಿಸಿದ್ದ; ಅದು ಅರ್ಧ ನಿಜ. ವಿದೇಶದ ಕಂಪನಿಯೊಂದು ಮಕ್ಕಳ ಅಂಗಿಗಳ ದೊಡ್ಡ ಆರ್ಡರು ಕೊಡುವುದಿತ್ತು. ಆದರೆ ಅವರ ಡಿಸೈನು ಇಡುವ ಕಂಪ್ಯೂಟರಿಗೆ ಸೆಕ್ಯುರಿಟಿ ಚಿಪ್ಪಿನ ಬೀಗ ಬಿದ್ದಿರಬೇಕು, ಬೀಗದ ನಂಬರು ಮಾಲೀಕರು ಮತ್ತು ಒಬ್ಬ ನೌಕರನನ್ನು ಬಿಟ್ಟು ಮೂರನೆಯವರಿಗೆ ಗೊತ್ತಿರಬಾರದು ಎಂಬುದು ಅವರ ಷರತ್ತು. ಅಂದು ಸಂಜೆ ಪರೀಕ್ಷೆಗೆ ಆ ಕಂಪನಿಯ ಸುವರ್ಣಾ ಮೇಡಂ ಬರುವವರಿದ್ದರು. ಆರ್ಡರು ಬಂದರೆ ಕಲ್ಮೇಶನ ಕೆಲಸ ಖಾಯಂ. ಬರದಿದ್ದರೆ ಗದಗದ ರೈಲು ಇದ್ದೇ ಇದೆ ಎಂದು ಮಾಲೀಕರು ನೆನಪಿಸಿದ್ದರು.

ವಿಂಡೋಸ್ ಮಾತ್ರ ಅಂಥ ಚಿಪ್ಪೇ ಇಲ್ಲ ಎನ್ನುತ್ತಿತ್ತು. ಡಬ್ಬದ ಮೇಲೆ ಇದೆ ಎಂದು ಅಚ್ಚಾಗಿತ್ತು. ಹಾಜರಿಯಲ್ಲಿ ಹೆಸರಿದ್ದೂ ಕ್ಲಾಸಿನಲ್ಲಿ ಕಾಣದ ಹುಡುಗನ ಹಾಗೆ.

ಪಕ್ಕದ ಲೇತ್ ಶೆಡ್ಡಿನ ಕೃಷ್ಣಪ್ಪ ಕರೆಯದೆಯೇ ಬಂದರು. ಮುಚ್ಚಳ ಬಿಚ್ಚಿಸಿ, ಟಾರ್ಚು ಬಿಟ್ಟು, ಕಂಡ ಕಪ್ಪು ತುಂಡನ್ನೆಲ್ಲ ಒತ್ತಿ ನೋಡಿದರು. "ಲೂಸ್ ಕಾಂಟ್ಯಾಕ್ಟ್ ಕಣಯ್ಯಾ. ನಮ್ಮ ಲೇತೂ ಹಿಂಗೇ, ಒಂದೇಟು ಕೊಟ್ರೆ ಸರಿ." ಏಟು ಕೊಟ್ಟರು. ಒಳಗಿನ ಫ್ಯಾನು ನಿಂತಿತು. ಸಾಮಾನು ತರುತ್ತೇನೆಂದು ಮಾಲೀಕರ ಸ್ಕೂಟರ್ ಹತ್ತಿ ಹೋದರು.

ಕಾಲರ್ ಹೊಲಿಯುವ ಪಾರವ್ವ ತನ್ನ ಮಿಷನ್ನಿನ ಎಣ್ಣೆ ಎರಡು ಹನಿ ಬಿಟ್ಟಳು. ಫ್ಯಾನು ತಿರುಗಿತು. ಅವಸರದಲ್ಲಿ ಆನ್ ಮಾಡುವಾಗ ಕಲ್ಮೇಶನ ಕೈ ಯಾವುದೋ ಕೀಗೆ ತಗುಲಿ, ಎಂದೂ ಕಾಣದ ನೀಲಿ ಪರದೆ ಬಂತು. ಅದರಲ್ಲಿ ಚಿಪ್ಪಿನ ಹೆಸರು, ಎದುರಿಗೆ ಆಫ್ ಎಂದು. ಆನ್ ಮಾಡಿದ. ವಿಂಡೋಸು ಚಿಪ್ಪನ್ನು ಹಳೇ ನೆಂಟನಂತೆ ಗುರುತಿಸಿತು.

ಬೀಗದ ನಂಬರು ಮರೆತರೆ ಬೇಕಾಗುತ್ತದೆ, ಈ ಉದ್ದನೆಯ ಇನ್ನೊಂದು ನಂಬರನ್ನು ಪ್ರಿಂಟ್ ಮಾಡಿಕೊಳ್ಳಿ ಎಂದಿತು ಕಂಪ್ಯೂಟರು. ಕಾಗದ ದಂಡ ಎಂದರು ಮಾಲೀಕರು. ಬೀಗಕ್ಕೆ ಯಾವ ನಂಬರು ಹಾಕಲಿ ಎಂದು ಕಲ್ಮೇಶ ಕೇಳಿದ.

"ನನ್ನ ಸ್ಕೂಟರ್‌ದು ಹಾಕು. ನೀನು ಮರ್ತ್ರೂ ಗಾಡಿ ಹೊರಗೇ ನಿಂತಿರುತ್ತೆ."

ಮಿಷನ್ನುಗಳ ಗದ್ದಲದಲ್ಲಿ ನಂಬರು ಕೇಳಿಸಲಿಲ್ಲ. ಮಾಲೀಕರು ಇನ್ನೊಮ್ಮೆ ಹೇಳಿದರು. ಮೂರನೆಯ ಸಲ ಎದೆ ತುಂಬ ಉಸಿರೆಳೆದು ಕೂಗಿದರು. ಅದೇ ಗಳಿಗೆಗೆ ಕರೆಂಟು ಹೋಯಿತು. ಮಿಷನ್ನುಗಳೆಲ್ಲ ಒಟ್ಟಿಗೆ ನಿಂತವು. ಎಪ್ಪತ್ತೆರಡು ಮೂವತ್ತಾರು ಎಂಬುದು ತಗಡಿನ ಚಾವಣಿಗೆ ಬಡಿದು ಹಾಲ್ ತುಂಬ ಮೊಳಗಿತು.

ಯುಪಿಎಸ್ ಇದ್ದದ್ದರಿಂದ ಕಂಪ್ಯೂಟರು ಉಳಿಯಿತು. ಕಲ್ಮೇಶ ಬೆವರೊರೆಸಿಕೊಂಡು ಆ ನಂಬರು ಒತ್ತಿದ.

"ಯಾರಿಗೆ ನೆನಪಿರುತ್ತೆ, ಬಿಡು," ಎಂದರು ಮಾಲೀಕರು.

ಸಂಜೆ ಹೊತ್ತಿಗೆ ಕರೆಂಟೂ ಬಂತು, ಸುವರ್ಣಾ ಅವರೂ ಬಂದರು. ಚಿಪ್ಪು ಕಂಡು ತಲೆದೂಗಿದರು. "ಒಂದ್ಸಲ ಆಫ್ ಮಾಡಿ, ಆನ್ ಮಾಡಿ ತೋರ್ಸಿ."

ಪರದೆ ನಂಬರು ಕೇಳಿತು. ಕಲ್ಮೇಶನ ತಲೆ ತೊಳೆದಿಟ್ಟ ಪಾತ್ರೆಯಾಯಿತು. ಒತ್ತಿದ; ತಪ್ಪು. ಮತ್ತೆ ಒತ್ತಿದ, ಅದೂ ತಪ್ಪು. ಗಾಬರಿಯಲ್ಲಿ ಮಾಲೀಕರಿಗೂ ನೆನಪಾಗದೆ, ಗಾಳಿಗೆಂಬಂತೆ ಕಿಟಕಿಗೆ ಹೋಗಿ ಇಣುಕಿದರು. ಸ್ಕೂಟರ್ ಇರಲಿಲ್ಲ. ಕೃಷ್ಣಪ್ಪ ಇನ್ನೂ ಬಂದಿರಲಿಲ್ಲ.

ಹುಡುಗನ ಪಾಡು ನೋಡಲಾಗದೆ ಪಾರವ್ವ ಮಿಷನ್ನು ನಿಲ್ಲಿಸಿದಳು. "ಎಪ್ಪತ್ತೆರಡು ಮೂವತ್ತಾರು ಒತ್ತೋ ತಮ್ಮಾ. ಮಾಲಕರ ಗಾಡಿ ನಂಬರ."

ಹೌದೆಂದು ಗುಂಡಿ ಹಾಕುವ ಸಾಲಿನವರೂ ಇಸ್ತ್ರಿಯವನೂ ಒಟ್ಟಿಗೆ ಸಾಕ್ಷಿ ಹೇಳಿದರು.

ಸುವರ್ಣಾ ಪೆನ್ನಿನ ಮುಚ್ಚಳ ಹಾಕಿದರು. "ಚಿಪ್ ಚೆನ್ನಾಗಿದೆ," ಎಂದಷ್ಟೇ ಹೇಳಿ ಹೊರಟರು.

ಅವರ ಹಿಂದೆಯೇ ಆರ್ಡರೂ ಹೋಯಿತು. ಆಮೇಲೆ ವೆಂಕಟರಮಣಪ್ಪ ಎದ್ದರು. "ಇನ್ಯಾಕೆ ಅದು? ಸುಮ್ನೆ ಕರೆಂಟ್ ತಿನ್ನುತ್ತೆ. ಆಫ್ ಮಾಡು."

ಕಲ್ಮೇಶ ನೀಲಿ ಪರದೆಗೆ ಹೋಗಿ, ಚಿಪ್ಪಿನಲ್ಲಿದ್ದುದನ್ನೆಲ್ಲ ಅಳಿಸಿ, ಆಫ್ ಮಾಡಿದ. ಕಂಪ್ಯೂಟರು ಮತ್ತೆ ಆನ್ ಆಯಿತು. ವರ್ಷದ ಲೆಕ್ಕವೆಲ್ಲ ಒಳಗಿತ್ತು. ಅದನ್ನು ತೆರೆಯಲು ಈ ಸಲ ಅದು, ಪ್ರಿಂಟ್ ಮಾಡಿಕೊಳ್ಳದೆ ಬಿಟ್ಟ ಆ ನಲವತ್ತೆಂಟು ಅಂಕಿಯ ನಂಬರು ಕೇಳಿತು.

ಕಲ್ಮೇಶ ಮೆಲ್ಲಗೆ ಹಾಲ್ ಕಡೆ ತಿರುಗಿದ.

ಪಾರವ್ವ ತಲೆಯಾಡಿಸಿದಳು. "ಅದು ನಮಗ ಗೊತ್ತಿಲ್ಲೋ ತಮ್ಮಾ."