ಅಜ್ಜಿಯ ಸೋಬಾನೆಗೆ ಒಂದೇ ಫ್ಲಾಪಿ

"ಕಂಪ್ಯೂಟರ್ ಕಲಿಯಾದು ನಿನ್ ಕೈಲಾಗಾಕಿಲ್ಲ, ಬುಡ್ಲಾ" ಅಂದವರು ನನ್ನ ಸೋದರಮಾವ ಚಿಕ್ಕಣ್ಣ. ವಂಶಕ್ಕೇ ಮೊದಲ ಬಿ.ಎ. ಆದ ನನಗೆ ಈ ಮಾತು! ಮರುದಿನವೇ ಪಿರಿಯಾಪಟ್ಟಣದಲ್ಲಿ ಬಸ್ಸು ಹತ್ತಿ ಹುಣಸೂರಿನ ಕಂಪ್ಯೂಟರ್ ಸೆಂಟರ್ ಸೇರಿದೆ.

ವರ್ಷದ ಕೊನೆಗೆ ಪ್ರಾಜೆಕ್ಟ್. ಒಂದು ಹಾಡನ್ನು ಕಂಪ್ಯೂಟರಿಗೆ ತುಂಬಿ ಒಂದೇ ಫ್ಲಾಪಿಯಲ್ಲಿ ಕೊಡಬೇಕು. ಕೊಟ್ಟರೆ ಸರ್ಟಿಫಿಕೇಟ್, ಇಲ್ಲದಿದ್ದರೆ ಮಾವನೇ ಗೆದ್ದಂತೆ.

"ಫೈಲು ಎಷ್ಟು ದೊಡ್ಡದಾಗುತ್ತೆ, ಮೊದಲೇ ಅಂದಾಜು ಮಾಡ್ಕೊಳ್ಳಿ" ಎಂದರು ಸರ್.

ಅಂದಾಜು! ಹೊಗೆಸೊಪ್ಪಿನ ಬೇಲನ್ನು ಕಣ್ಣಲ್ಲೇ ತೂಗುವ ಮನೆತನ ನಮ್ಮದು. ಜೋರು ದನಿ ಭಾರ, ಮೆಲುದನಿ ಹಗುರ ಎಂಬ ಸಿದ್ಧಾಂತ ಮಂಡಿಸಿಕೊಂಡು, ಟೇಪ್ ರೆಕಾರ್ಡರ್ ಹಿಡಿದು ಅಜ್ಜಿಯ, ಅಂದರೆ ಮಾವನ ತಾಯಿಯ, ಮುಂದೆ ಕೂತೆ.

"ಮೆಲ್ಲುಕೆ ಹಾಡಜ್ಜಿ, ಕಮ್ಮಿ ಜಾಗ ಸಾಕಾಯ್ತದೆ."

"ಮೆಲ್ಲುಕೆ ಸೋಬಾನೆ ಹಾಡಾಕೆ ಇದೇನು ಕದ್ದು ಮಾಡೋ ಮದ್ವೇನ್ಲಾ?"

ಒಂದು ಸೊಲ್ಲು ಹಾಡುವುದು, ಎಲೆಗೆ ಸುಣ್ಣ ಸವರಿ ಅಗಿಯುವುದು, ಮತ್ತೊಂದು ಸೊಲ್ಲು. ಆರು ನಿಮಿಷದಲ್ಲಿ ಹಾಡಿದ್ದು ಎರಡೇ ನಿಮಿಷ! ಒಳ್ಳೆಯದೇ ಆಯ್ತು ಅಂದುಕೊಂಡೆ. ಸುಮ್ಮನಿದ್ದುದಕ್ಕೆ ಯಾವ ತೂಕ?

ಸೆಂಟರಿನಲ್ಲಿ ಕ್ಯಾಸೆಟ್ ಹಾಕಿ ಕಂಪ್ಯೂಟರಿಗೆ ತುಂಬಿದೆ. ಅರವತ್ತು ಎಂಬಿ! ಫ್ಲಾಪಿಗೆ ಹಿಡಿಯುವುದು ಒಂದೂವರೆಗಿಂತಲೂ ಕಮ್ಮಿ.

"ಸರ್, ನಾಲ್ಕು ನಿಮಿಷ ಹಾಡೇ ಇಲ್ಲ!"

"ಕಂಪ್ಯೂಟರು ಸದ್ದನ್ನ ಸೆಕೆಂಡಿಗೆ ನಲವತ್ನಾಲ್ಕು ಸಾವಿರ ಸಲ ಅಳೆಯುತ್ತೆ ಕಣ್ರೀ. ಅಜ್ಜಿ ಹಾಡಿದ್ರೂ ಅಳೆಯುತ್ತೆ, ಅಗಿದ್ರೂ ಅಳೆಯುತ್ತೆ. ಅದೂ ಎಡಗಿವಿಗೆ ಬೇರೆ, ಬಲಗಿವಿಗೆ ಬೇರೆ."

ಇದ್ಯಾವ ನ್ಯಾಯ? ಖಾಲಿ ಗೋಣಿಗೂ ತುಂಬಿದ ಬೇಲಿನಷ್ಟೇ ತೂಕ ತೋರಿಸುವ ತಕ್ಕಡಿ! ಹರಾಜು ಕಟ್ಟೆಯಲ್ಲಾಗಿದ್ದರೆ ಗಲಾಟೆ ಎಬ್ಬಿಸುತ್ತಿದ್ದೆ. ಇಲ್ಲಿ ಫೈಲನ್ನು ಕತ್ತರಿಸಲು ಕೂತೆ. ಎರಡು ಕಿವಿಯದನ್ನು ಒಂದೇ ಮಾಡಿದೆ, ಅರ್ಧವಾಯಿತು. ಅಳೆಯುವ ಸಲವನ್ನು ಕಾಲುಭಾಗಕ್ಕಿಳಿಸಿದೆ. ಒಂದೊಂದು ಅಳತೆಗೆ ಸಿಗುತ್ತಿದ್ದ ಹದಿನಾರು ಬಿಟ್ಟನ್ನು ಎಂಟು ಮಾಡಿದೆ. ನಾಲ್ಕು ಎಂಬಿ. ಇನ್ನೂ ಮೂರು ಫ್ಲಾಪಿ! ಸಿಟ್ಟು ನೆತ್ತಿಗೇರಿ, ಅಜ್ಜಿ ಅಗಿದ ನಾಲ್ಕು ನಿಮಿಷವನ್ನೂ ಕಿತ್ತೆಸೆದೆ. ಹಿಡಿಯಿತು!

ಸರ್ಟಿಫಿಕೇಟ್ ಕೊಡುವ ದಿನ ಅಜ್ಜಿಯನ್ನೂ ಮಾವನನ್ನೂ ಮುಂದಿನ ಸಾಲಲ್ಲೇ ಕೂರಿಸಿದೆ. ಸರ್ ಹಾಡು ಹಾಕಿದರು. ನೆಗಡಿಯಾದವರು ಹಂಡೆಯೊಳಗೆ ಕೂತು ಹಾಡಿದಂತಿತ್ತು.

"ಇದ್ಯಾವ ಮುದ್ಕಿ ಲಾ? ಉಸ್ರೇ ಬುಡ್ದಂಗೆ ಬಡ್ಕೋತಾವ್ಳೆ" ಅಂದಳು ಅಜ್ಜಿ.

ಸಭೆ ನಕ್ಕಿತು. "ನೀನೇ ಕಣಜ್ಜಿ, ಎಲೆ ಅಗ್ದಿದ್ನೆಲ್ಲ ಕಿತ್ತಾಕಿವ್ನಿ" ಅಂದೆ. ಸರ್ ಸರ್ಟಿಫಿಕೇಟ್ ಕೈಗಿತ್ತರು. ಮಾವ ಅದನ್ನು ಇಸ್ಕೊಂಡು, ಅಂಗೈ ಮೇಲಿಟ್ಟು, ತೂಗಿ ನೋಡಿದರು.

"ಒಪ್ಕಂಡೆ ಕಣ್ಲಾ, ಕಲ್ತ್‌ಬುಟ್ಟೆ. ನಮ್ಮವ್ವನ ಬಾಯಿಂದ ಎಲೆ ಅಡ್ಕೆ ಬುಡ್ಸಾದು ನಮ್ಮಪ್ಪನ ಕೈಲೂ ಆಗಿರ್ಲಿಲ್ಲ!"